ಬಿಸಿಲಿದ್ದಾಗ ಮಾತ್ರ ಮಾತಾಡುವ ಉಪಗ್ರಹ

ನೆಲದಿಂದ ಸುಮಾರು 1,450 ಕಿ.ಮೀ. ಎತ್ತರದಲ್ಲಿ ಧ್ರುವಗಳ ಮೇಲಿಂದ ಸುತ್ತುವ ಆಸ್ಕರ್-7 ಉಪಗ್ರಹಕ್ಕೆ 2024ರ ನವೆಂಬರ್ 15ರಂದು 50 ವರ್ಷ ತುಂಬಿತು. ಅದರ ಬ್ಯಾಟರಿ ಕೆಟ್ಟು ನಾಲ್ಕು ದಶಕ ಕಳೆದಿದೆ. ಆದರೂ ಸೌರಫಲಕಗಳ ಮೇಲೆ ಬಿಸಿಲು ಬಿದ್ದಷ್ಟು ಹೊತ್ತೂ ಅದು ಕೆಲಸ ಮಾಡುತ್ತದೆ. ಭೂಮಿಯ ನೆರಳಿಗೆ ಹೋದೊಡನೆ ಸುಮ್ಮನಾಗುತ್ತದೆ. 30 ಕಿಲೋಗೂ ಕಡಿಮೆ ತೂಕದ, ಎಂಟು ಮುಖಗಳ ಈ ಉಪಗ್ರಹವನ್ನು ಕಟ್ಟಿದವರು ಹವ್ಯಾಸಿ ರೇಡಿಯೋ ನಡೆಸುವವರು. ಜನ ಇವರನ್ನು ‘ಹ್ಯಾಮ್’ಗಳೆಂದು ಕರೆಯುತ್ತಾರೆ. ಸರ್ಕಾರದ ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ, ಮನೆಯಲ್ಲೇ ರೇಡಿಯೋ ಕೇಂದ್ರ ಇಟ್ಟುಕೊಂಡು ಪರಸ್ಪರ ಮಾತಾಡುವ ಈ ಮಂದಿ ತಮ್ಮ ಮಾತು ದೂರ ಮುಟ್ಟಲೆಂದು ಉಪಗ್ರಹಗಳನ್ನೇ ಮಾಡಿ ಹಾರಿಸುತ್ತ ಬಂದಿದ್ದಾರೆ.

ಆಸ್ಕರ್-7ರ ಹಿಂದಿದ್ದದ್ದು ‘ಆಮ್‌ಸ್ಯಾಟ್’ ಎಂಬ ಸಂಸ್ಥೆ. 1969ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಈ ಸಂಸ್ಥೆಯ ಯೋಜನೆಗೆ ಜರ್ಮನಿ, ಕೆನಡಾ, ಆಸ್ಟ್ರೇಲಿಯಾಗಳ ಹವ್ಯಾಸಿಗಳೂ ಕೈಜೋಡಿಸಿದರು. ಉಪಗ್ರಹದ ಮುಖ್ಯ ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ರೂಪಿಸಿದ್ದು ಜರ್ಮನಿಯ ಕಾರ್ಲ್ ಮೈನ್ಟ್‌ಸರ್. 432 ಮೆಗಾಹರ್ಟ್ಸ್ ಸುತ್ತಮುತ್ತ ಕೆಳಗಿನಿಂದ ಬರುವ ದನಿಗಳನ್ನೆಲ್ಲ ಒಟ್ಟಿಗೆ ಹಿಡಿದು, 145.9 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮತ್ತೆ ನೆಲಕ್ಕೆ ಕಳಿಸುವುದು ಅದರ ಕೆಲಸ. ಹೀಗಾಗಿ ಒಂದೇ ಹೊತ್ತಿಗೆ ಹಲವು ಜೋಡಿಗಳು ಒಬ್ಬರಿಗೊಬ್ಬರು ಅಡ್ಡಬಾರದೆ ಮಾತಾಡಬಹುದು. ಇನ್ನೊಂದು ಟ್ರಾನ್ಸ್‌ಪಾಂಡರ್ 145.9ರಲ್ಲಿ ಕೇಳಿಸಿಕೊಂಡು 29.4 ಮೆಗಾಹರ್ಟ್ಸ್‌ನಲ್ಲಿ ನುಡಿಯುತ್ತದೆ.

ಆರೂವರೆ ವರ್ಷ ಚೆನ್ನಾಗಿ ದುಡಿದ ಮೇಲೆ, 1981ರ ನಡುವಿನಲ್ಲಿ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿ ಶಾರ್ಟ್ ಆಯಿತು. ಫಲಕಗಳು ಕೊಟ್ಟ ವಿದ್ಯುತ್ತೆಲ್ಲ ಅಲ್ಲೇ ಹರಿದುಹೋಗಿ ಉಪಗ್ರಹ ಮಾತು ನಿಲ್ಲಿಸಿತು. ಉಪಗ್ರಹಗಳ ಪಟ್ಟಿಯಲ್ಲಿ ಅದು ಸತ್ತವರ ಸಾಲಿಗೆ ಸೇರಿತು. ಹ್ಯಾಮ್‌ಗಳು ಬೇರೆ ಉಪಗ್ರಹಗಳತ್ತ ಹೊರಳಿದರು.

21 ವರ್ಷಗಳ ನಂತರ, 2002ರ ಜೂನ್ 21ರಂದು, ಇಂಗ್ಲೆಂಡಿನ ಹಿರಿಯ ಹ್ಯಾಮ್ ಪ್ಯಾಟ್ ಗೋವನ್ ಅವರಿಗೆ 145.97 ಮೆಗಾಹರ್ಟ್ಸ್ ಹತ್ತಿರ ನಿಧಾನಗತಿಯ ಮೋರ್ಸ್ ಸಂಕೇತವೊಂದು ಕೇಳಿಸಿತು. ಈಗಿನ ಉಪಗ್ರಹಗಳ ದನಿಯ ಹಾಗೆ ಅದು ಇರಲಿಲ್ಲ. ಮೊದಲು ನಾಲ್ಕು ಚುಕ್ಕೆ, ಎರಡು ಚುಕ್ಕೆ, ಅಂದರೆ ‘ಹೈ’ ಎಂಬ ನಮಸ್ಕಾರ. ಅದರ ಹಿಂದೆ ಅಂಕಿಗಳ ಸಾಲು. ಹಳೆಯ ಆಸ್ಕರ್-7 ಹೀಗೇ ಮಾತಾಡುತ್ತಿತ್ತೆಂಬ ನೆನಪು ಅವರಿಗಿತ್ತು. ಕಕ್ಷೆಯ ಲೆಕ್ಕ ಹಾಕಿ ನೋಡಿದಾಗ ದನಿ ಕೇಳಿದ ಹೊತ್ತೂ ಉಪಗ್ರಹ ಹಾದುಹೋದ ಹೊತ್ತೂ ಒಂದೇ ಆಗಿತ್ತು. ಅದನ್ನು ಕಟ್ಟುವ ಯೋಜನೆಯ ಮುಂದಾಳಾಗಿದ್ದ ಯಾನ್ ಕಿಂಗ್ ಆಗ ಇದ್ದರು. ಇದು ತಮ್ಮ ಉಪಗ್ರಹವೇ ಎಂದು ಅವರೂ ಖಚಿತಪಡಿಸಿದರು.

ಆದದ್ದು ಇಷ್ಟು: ಶಾರ್ಟ್ ಆಗಿದ್ದ ಬ್ಯಾಟರಿಯ ಒಳಗಿನ ಸಂಪರ್ಕ ಯಾವಾಗಲೋ ಕಡಿದುಹೋಗಿತ್ತು. ವಿದ್ಯುತ್ತು ಸೋರಿಹೋಗುವ ದಾರಿ ಮುಚ್ಚಿದ್ದರಿಂದ ಸೌರಫಲಕಗಳ ಶಕ್ತಿ ನೇರವಾಗಿ ಟ್ರಾನ್ಸ್‌ಪಾಂಡರ್‌ಗೆ ಸಿಗತೊಡಗಿತು. ಒಂದು ಕೆಡುಕಿನಿಂದ ನಿಂತದ್ದು ಎರಡನೆಯ ಕೆಡುಕಿನಿಂದ ಎದ್ದು ಕೂತಿತು. ಇದು ಯಾರೂ ಯೋಜಿಸಿದ್ದಲ್ಲ, ಕೆಳಗಿನಿಂದ ರಿಪೇರಿ ಮಾಡಿದ್ದೂ ಅಲ್ಲ. ಇಲ್ಲಿ ಮನುಷ್ಯರ ಪಾಲು ಒಂದೇ, ಆ ಹೊತ್ತಿಗೆ ಯಾರೋ ಒಬ್ಬರು ರೇಡಿಯೋ ಹಚ್ಚಿಟ್ಟು ಕೇಳುತ್ತಿದ್ದರು. ಹವ್ಯಾಸಿ ರೇಡಿಯೋದ ಸಾರವೆಲ್ಲ ಈ ಘಟನೆಯಲ್ಲಿದೆ ಎಂದರೆ ಹೆಚ್ಚಾಗದು.

ಹಾಗೆ ಎದ್ದ ಉಪಗ್ರಹದ ಜೊತೆ ಮಾತಾಡಲು ಒಂದು ನಯ ಬೇಕು. ಬ್ಯಾಟರಿಯ ಆಸರೆ ಇಲ್ಲದ್ದರಿಂದ ಅದು ಹೆಚ್ಚು ಭಾರ ತಾಳದು. ಯಾರಾದರೂ ಜೋರಾದ ಸಿಗ್ನಲ್ ಕಳಿಸಿದರೆ ಒಳಗಿನ ವೋಲ್ಟೇಜು ಕುಸಿದು, ಆ ಕ್ಷಣ ಅದರ ಮೂಲಕ ಮಾತಾಡುತ್ತಿರುವ ಎಲ್ಲರ ದನಿಯೂ ನಡುಗತೊಡಗುತ್ತದೆ. ಆದ್ದರಿಂದ ಬಳಸುವವರೆಲ್ಲ ತಮ್ಮ ರೇಡಿಯೋದ ಶಕ್ತಿಯನ್ನು ಕೇಳಿಸುವ ಮಟ್ಟಿಗಷ್ಟೇ ಇಟ್ಟುಕೊಳ್ಳುತ್ತಾರೆ. ನೆರಳಿನಿಂದ ಹೊರಬಂದಾಗಲೆಲ್ಲ ಅದು ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಯಾವುದನ್ನು ಹೊತ್ತಿಸಿಕೊಂಡೀತು ಎಂದು ಮೊದಲೇ ಹೇಳಲಾಗದು. ಕಕ್ಷೆಯುದ್ದಕ್ಕೂ ಬಿಸಿಲಿರುವ ವಾರಗಳಲ್ಲಿ ಮಾತ್ರ ಒಳಗಿನ ಹಳೆಯ ಗಡಿಯಾರ 24 ಗಂಟೆಗೊಮ್ಮೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ. ಎತ್ತರದಲ್ಲಿರುವುದರಿಂದ ಅದರ ದೃಷ್ಟಿಗೆ ಬೀಳುವ ನೆಲವೂ ದೊಡ್ಡದು. ಲೆಕ್ಕದ ಪ್ರಕಾರ ಬೆಂಗಳೂರಿನ ಮನೆಯೊಂದರಿಂದ ಅದರ ಮೂಲಕ ಟೋಕಿಯೊವರೆಗೂ ಮಾತು ಮುಟ್ಟಬಹುದು.

ಇಂಥ ಉಪಗ್ರಹಗಳ ಪರಂಪರೆ ಶುರುವಾದದ್ದು 1961ರ ಡಿಸೆಂಬರ್ 12ರಂದು, ಸ್ಪುಟ್ನಿಕ್ ಹಾರಿದ ನಾಲ್ಕೇ ವರ್ಷಕ್ಕೆ. ಕ್ಯಾಲಿಫೋರ್ನಿಯಾದ ಹ್ಯಾಮ್‌ಗಳು ಬಿಡುವಿನ ವೇಳೆಯಲ್ಲಿ ಕಟ್ಟಿದ ಆಸ್ಕರ್-1, ರಾಕೆಟ್ಟಿನಲ್ಲಿ ತೂಕ ಸರಿದೂಗಿಸಲು ಇಡುತ್ತಿದ್ದ ಭಾರದ ಜಾಗದಲ್ಲಿ ಕೂತು ಮೇಲೇರಿತು. ನಾಲ್ಕೂವರೆ ಕಿಲೋ ತೂಕ, 140 ಮಿಲಿವ್ಯಾಟ್ ಶಕ್ತಿ. ಅದೂ ಹೇಳುತ್ತಿದ್ದದ್ದು ‘ಹೈ’ ಎಂದಷ್ಟೇ. ಉಪಗ್ರಹದ ಒಳಗಿನ ತಾಪ ಬದಲಾದಂತೆ ಆ ‘ಹೈ’ಯ ವೇಗವೂ ಬದಲಾಗುತ್ತಿತ್ತು, ಕೇಳುವವರು ಗಡಿಯಾರ ಹಿಡಿದು ‘ಹೈ’ಗಳನ್ನು ಎಣಿಸಿ ಅಲ್ಲಿನ ತಾಪಮಾನ ಲೆಕ್ಕ ಹಾಕುತ್ತಿದ್ದರು. ಸುಮಾರು ಮೂರು ವಾರ ಅದು ಬದುಕಿತ್ತು. ಅಷ್ಟರಲ್ಲಿ 28 ದೇಶಗಳ 570ಕ್ಕೂ ಹೆಚ್ಚು ಮಂದಿ ಕೇಳಿದ್ದನ್ನು ಬರೆದು ಕಳಿಸಿದರು. 1965ರ ಆಸ್ಕರ್-3ರಿಂದ ಟ್ರಾನ್ಸ್‌ಪಾಂಡರ್ ಬಂತು. 1970ರ ಆಸ್ಕರ್-5 ಅನ್ನು ಕಟ್ಟಿದವರು ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು.

ಕೇಳುವ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ. ಪಿವಿಸಿ ಪೈಪಿನ ತುಂಡಿಗೆ, ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪನ್ನು ಕತ್ತರಿಸಿ ಕಟ್ಟಿದರೆ ಯಾಗಿ ಆಂಟೆನಾ ಆಗುತ್ತದೆ. ಕೈಯಲ್ಲಿ ಹಿಡಿಯುವ ರೇಡಿಯೋ ಅಥವಾ ಕಂಪ್ಯೂಟರಿಗೆ ಚುಚ್ಚುವ ಸಣ್ಣ ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೋ) ಸಾಧನ, ಉಪಗ್ರಹ ಯಾವಾಗ ಬರುತ್ತದೆಂದು ಹೇಳುವ ಒಂದು ಆ್ಯಪ್, ಇಷ್ಟು ಸಾಕು. ಕಷ್ಟವಿರುವುದು ಬೇರೆ ಕಡೆ. ಕೆಳಕಕ್ಷೆಯ ಉಪಗ್ರಹ ಗಂಟೆಗೆ 27,000 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ದಿಗಂತದಿಂದ ದಿಗಂತಕ್ಕೆ ಸುಮಾರು ಹತ್ತು ನಿಮಿಷ. ಸ್ಟೇಷನ್ ದಾಟುವ ರೈಲಿನ ಕೂಗು ಹತ್ತಿರ ಬರುವಾಗ ಏರಿ ದೂರ ಹೋಗುವಾಗ ಇಳಿಯುವ ಹಾಗೆ ಅದರ ಫ್ರೀಕ್ವೆನ್ಸಿಯೂ ಜಾರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ದನಿ ಬರುವುದು 145.800 ಮೆಗಾಹರ್ಟ್ಸ್‌ನಲ್ಲಿ. ನಿಲ್ದಾಣ ದಿಗಂತದ ಮೇಲೆ ಏಳುವಾಗ ಅದು 145.803ರ ಹತ್ತಿರ ಕೇಳುತ್ತದೆ, ತಲೆಯ ಮೇಲೆ ಬಂದಾಗ ಸರಿಯಾಗಿ 145.800, ಮುಳುಗುವಾಗ 145.797. 435 ಮೆಗಾಹರ್ಟ್ಸ್‌ನಲ್ಲಿ ಈ ಜಾರುವಿಕೆ ಮೂರು ಪಟ್ಟು. ಹಾಗಾಗಿ ಒಂದು ಕೈಯಲ್ಲಿ ಆಂಟೆನಾ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಫ್ರೀಕ್ವೆನ್ಸಿ ಇಳಿಸುತ್ತ, ಆಂಟೆನಾದ ಬುಡವನ್ನೂ ಆಗಾಗ ಮಣಿಕಟ್ಟಿನಲ್ಲಿ ಹೊರಳಿಸುತ್ತಿರಬೇಕು. ಉಪಗ್ರಹ ತಾನೂ ತಿರುಗುತ್ತಿರುವುದರಿಂದ ಹಾಗೆ ಹೊರಳಿಸಿದಾಗ ಸೋತ ದನಿ ತಟ್ಟನೆ ಮರಳುತ್ತದೆ. ಕಿವಿಗೂ ಕೈಗೂ ಈ ಹೊಂದಾಣಿಕೆ ಕೂರಲು ಉಪಗ್ರಹ ಕೆಲವು ಸಲವಾದರೂ ಹಾದುಹೋಗಬೇಕಾಗುತ್ತದೆ.

ಓಡುವ ಉಪಗ್ರಹವನ್ನು ಅಟ್ಟಿಸಿಕೊಂಡು ಹೋಗುವ ತೊಂದರೆಯೇ ಇಲ್ಲದ ಒಂದು ದಾರಿಯೂ ಈಗ ಇದೆ. 2018ರ ನವೆಂಬರ್‌ನಲ್ಲಿ ಹಾರಿದ ಕತಾರ್‌ನ ಎಸ್‌ಹೇಲ್-2 ಭೂಸ್ಥಿರ ಉಪಗ್ರಹದಲ್ಲಿ ಹ್ಯಾಮ್‌ಗಳಿಗೆಂದೇ ಟ್ರಾನ್ಸ್‌ಪಾಂಡರ್ ಇಟ್ಟಿದ್ದಾರೆ. ಬ್ರೆಜಿಲ್‌ನಿಂದ ಥಾಯ್ಲೆಂಡ್‌ವರೆಗೆ ಅದರ ವ್ಯಾಪ್ತಿ. ಕರ್ನಾಟಕದಿಂದ ನೋಡಿದರೆ ಅದು ಪಡುವಣ ಆಕಾಶದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಟಿವಿಗೆ ಬಳಸುವಂಥ ಡಿಶ್ ಇದ್ದರೆ ಕೇಳಬಹುದು.

ಭಾರತದ ಪಾಲಿನ ಕತೆಗೆ ಬೆಂಗಳೂರೇ ನೆಲೆ. 2005ರ ಮೇ 5ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಅನ್ನು ಒಯ್ದಿತು. ಇಸ್ರೊ ಕಟ್ಟಿದ ಈ ಉಪಗ್ರಹದಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತದ್ದು, ಇನ್ನೊಂದನ್ನು ಮಾಡಿದವರು ಆಗ ವಿದ್ಯಾರ್ಥಿಯಾಗಿದ್ದ ನೆದರ್ಲೆಂಡ್ಸ್‌ನ ವಿಲಿಯಂ ಲೈಯೆನಾರ್. ಎರಡು ವರ್ಷ ಬಾಳಲೆಂದು ಮಾಡಿದ್ದು ಒಂಬತ್ತು ವರ್ಷ ಬಾಳಿತು. ‘ವಿಒ-52’ ಎಂಬ ಹೆಸರಿನಲ್ಲಿ ಅದು ಪ್ರಪಂಚದ ಹ್ಯಾಮ್‌ಗಳಿಗೆಲ್ಲ ಪರಿಚಿತವಾಯಿತು. ಜೋರಾದ, ಸ್ವಚ್ಛವಾದ ದನಿಯಿಂದಾಗಿ ಉಪಗ್ರಹ ಕಲಿಯುವವರು ಮೊದಲು ಹಿಡಿಯುತ್ತಿದ್ದದ್ದು ಅದನ್ನೇ. 2014ರ ಜುಲೈನಲ್ಲಿ ಲಿಥಿಯಂ ಬ್ಯಾಟರಿ ಕೈಕೊಟ್ಟು ಅದರ ಸೇವೆ ಮುಗಿಯಿತು.

ಆ ಮೇಲೆ ಬಂದವುಗಳಿಗೆ ಅಷ್ಟು ಆಯುಸ್ಸು ಸಿಗಲಿಲ್ಲ. ಈಚಿನ ವರ್ಷಗಳಲ್ಲಿ ಹ್ಯಾಮ್ ಸಾಧನಗಳು ಹೆಚ್ಚಾಗಿ ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕೆ ಅಂಟಿಕೊಂಡು ಹೋಗುತ್ತಿವೆ. ಕೆಲಸ ಮುಗಿಸಿದ ಆ ಹಂತವನ್ನೇ ಪ್ರಯೋಗದ ವೇದಿಕೆಯಾಗಿ ಇಸ್ರೊ ಬಿಟ್ಟುಕೊಡುತ್ತದೆ. ಅದಕ್ಕೆ ‘ಪೊಯೆಮ್’ ಎಂದು ಹೆಸರು. 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನ ಜೊತೆ ಹೋದ ನಾಲ್ಕನೇ ಪೊಯೆಮ್‌ನಲ್ಲಿ ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯದ ‘ಬಿಜಿಎಸ್ ಅರ್ಪಿತ್’ ಇತ್ತು. ಧ್ವನಿ, ಪಠ್ಯ, ಚಿತ್ರ ಮೂರನ್ನೂ ಎಫ್‌ಎಂ ಮೂಲಕ ನೆಲಕ್ಕೆ ಕಳಿಸುವ ಸಾಧನ ಅದು. ವಿದ್ಯಾರ್ಥಿಗಳ ಕೈಯಲ್ಲಿ ಅರಳಿದ ಈ ಕೆಲಸ ಹೆಮ್ಮೆಯದು. ಆದರೆ 350 ಕಿ.ಮೀ. ಕಕ್ಷೆಯಲ್ಲಿದ್ದ ಆ ವೇದಿಕೆ 2025ರ ಏಪ್ರಿಲ್ 4ರಂದು ವಾತಾವರಣಕ್ಕೆ ಬಿದ್ದು ಮುಗಿಯಿತು. ಮೂರು ತಿಂಗಳಲ್ಲಿ ಒಬ್ಬ ಹೊಸಬ ಆಂಟೆನಾ ಕಟ್ಟಿ, ಪರೀಕ್ಷೆ ಬರೆದು, ಪರವಾನಗಿ ಪಡೆದು ಮಾತಾಡುವುದು ಆಗದ ಮಾತು. ಹ್ಯಾಮ್‌ಸ್ಯಾಟ್‌ನ ಹಾಗೆ ವರ್ಷಗಟ್ಟಲೆ ನಿಲ್ಲುವ ಒಂದು ಟ್ರಾನ್ಸ್‌ಪಾಂಡರ್ ಈ ದೇಶಕ್ಕೆ ಮತ್ತೆ ಬೇಕು. ಅದನ್ನು ಕಟ್ಟುವ ಜಾಣ್ಮೆಗೆ ಬೆಂಗಳೂರಿನಲ್ಲಿ ಬರವಿಲ್ಲ.

ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ‘ಉಪಗ್ರಹ’ ಎಂಬ ಹೆಸರಿನ ಹ್ಯಾಮ್ ಕ್ಲಬ್ಬೇ ಇದೆ. ರೇಡಿಯೋದಲ್ಲಿ ಅದರ ಗುರುತಿನ ಹೆಸರು (ಕಾಲ್‌ಸೈನ್) ವಿಯು2ಯುಆರ್‌ಸಿ. 2025ರ ಜುಲೈ 4ರಂದು ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಇದೇ ಕೇಂದ್ರದಲ್ಲಿ ನೆರೆದವರೊಂದಿಗೆ ಹ್ಯಾಮ್ ರೇಡಿಯೋದಲ್ಲಿ ಮಾತಾಡಿದರು. ಬಾಹ್ಯಾಕಾಶದಿಂದ ಹ್ಯಾಮ್ ರೇಡಿಯೋ ಬಳಸಿದ ಮೊದಲಿಗರು ಅಮೆರಿಕದ ಓವನ್ ಗ್ಯಾರಿಯಟ್, 1983ರ ಶಟಲ್ ಯಾನದಲ್ಲಿ. ನಿಲ್ದಾಣ ಮತ್ತು ಶಾಲೆಗಳ ನಡುವಿನ ಮಾತುಕತೆ 2000ದ ಡಿಸೆಂಬರ್‌ನಲ್ಲಿ ಶುರುವಾಗಿ ಸಾವಿರದ ಗಡಿ ದಾಟಿದೆ. ಅದನ್ನು ನಡೆಸುವ ‘ಅರಿಸ್’ ಎಂಬ ಅಂತರರಾಷ್ಟ್ರೀಯ ಸ್ವಯಂಸೇವಕರ ಕೂಟ ಶಾಲೆಗಳಿಂದ ಅರ್ಜಿ ಪಡೆಯುತ್ತದೆ.

ಮುಂದಿನ ದಿನಗಳಲ್ಲಿ ಕಿವಿಗೊಡಲು ವರ್ಷವಿಡೀ ಸಂದರ್ಭಗಳಿವೆ. ಜನವರಿ 1ರಂದು ಕೈಯಿಂದ ಒತ್ತುವ ಹಳೆಯ ಮೋರ್ಸ್ ಕೀಲಿಯಲ್ಲೇ ಉಪಗ್ರಹಗಳ ಮೂಲಕ ಮಾತಾಡುವ ಸಂಪ್ರದಾಯವಿದೆ. ಏಪ್ರಿಲ್ 18 ವಿಶ್ವ ಹವ್ಯಾಸಿ ರೇಡಿಯೋ ದಿನ. ಜೂನ್ ಕೊನೆಯ ಭಾಗದ ಫೀಲ್ಡ್ ಡೇಯಲ್ಲಿ ಅಮೆರಿಕದ ಹ್ಯಾಮ್‌ಗಳು ಬಯಲಿಗೆ ಹೋಗಿ ಕೇಂದ್ರ ಹೂಡುತ್ತಾರೆ. ಅಕ್ಟೋಬರ್‌ನ ಮೂರನೇ ವಾರಾಂತ್ಯ ಸ್ಕೌಟ್‌ಗಳ ರೇಡಿಯೋ ಜಂಬೂರಿ, ಅದೇ ತಿಂಗಳ 4ರಿಂದ 10ರವರೆಗೆ ವಿಶ್ವ ಅಂತರಿಕ್ಷ ಸಪ್ತಾಹ. ಇಂಥ ಸಂದರ್ಭಗಳಲ್ಲಿ ನಿಲ್ದಾಣ ಆಗಾಗ 145.800ರಲ್ಲಿ ಚಿತ್ರಗಳನ್ನು ಕಳಿಸುತ್ತದೆ. ಒಂದು ಚಿತ್ರ ಬರಲು ಸುಮಾರು ಎರಡು ನಿಮಿಷ. ಶಾಲೆಯ ಅಂಗಳದಲ್ಲಿ ರೇಡಿಯೋದ ಮುಂದೆ ಇದಕ್ಕೆ ತಕ್ಕ ಆ್ಯಪ್ ಇರುವ ಮೊಬೈಲ್ ಹಿಡಿದರೆ, ಕೀರಲು ದನಿ ಗೆರೆಗೆರೆಯಾಗಿ ಪರದೆಯ ಮೇಲೆ ಬಣ್ಣದ ಚಿತ್ರವಾಗಿ ಇಳಿಯುತ್ತದೆ. ತಾವೇ ದನಿ ಕಳಿಸಬೇಕೆಂದರೆ ಮಾತ್ರ ಕೇಂದ್ರ ಸಂವಹನ ಸಚಿವಾಲಯದ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದವರು ಬರೆಯಬಹುದು.

ಬಾಹ್ಯಾಕಾಶ ನಿಲ್ದಾಣವನ್ನು 2030ರವರೆಗೆ ನಡೆಸಿ ಆಮೇಲೆ ಕೆಳಗಿಳಿಸುವ ಯೋಜನೆ ಇದೆ. ಅರ್ಜಿ ಹಾಕಿದ ಶಾಲೆಯ ಸರದಿ ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಸಿಗುವುದು ಹತ್ತು ನಿಮಿಷ. ಕರ್ನಾಟಕದ ಹಳ್ಳಿ ಶಾಲೆಗಳ ಮಕ್ಕಳು ಆ ಹತ್ತು ನಿಮಿಷ ಪಡೆಯಬೇಕಾದರೆ ಹತ್ತಿರದ ಹ್ಯಾಮ್ ಕ್ಲಬ್ಬಿನವರೂ ವಿಜ್ಞಾನದ ಮೇಷ್ಟ್ರುಗಳೂ ಈಗಲೇ ಕೂತು ಅರ್ಜಿ ಬರೆಯಬೇಕಾಗಿದೆ.