ಸನ್ನಿವೇಶಹಾಸ್ಯದಲ್ಲಿ ಪಾತ್ರ ಮತ್ತು ಪ್ರೇಕ್ಷಕ: ತಾದಾತ್ಮ್ಯದ ಪ್ರಶ್ನೆ

ಕಿರುತೆರೆಯ ಹಾಸ್ಯ ಧಾರಾವಾಹಿಗಳ ಯಶಸ್ಸನ್ನು ವಿವರಿಸುವಾಗ, ಪ್ರೇಕ್ಷಕರು ಪಾತ್ರಗಳಲ್ಲಿ ತಮ್ಮನ್ನೇ ಕಾಣುತ್ತಾರೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಪಾತ್ರದೊಂದಿಗೆ ತಾದಾತ್ಮ್ಯವಿಲ್ಲದೆ ನಗು ಹುಟ್ಟಲಾರದೆಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಪರಿಶೀಲಿಸಿದರೆ, ನಗುವಿನ ಹುಟ್ಟು ಮತ್ತು ನಗುವಿನ ಗುರಿ ಎಂಬ ಎರಡು ಪ್ರತ್ಯೇಕ ಪ್ರಶ್ನೆಗಳು ಇಲ್ಲಿ ಒಂದರಲ್ಲೊಂದು ಬೆರೆತುಹೋಗಿರುವುದು ಕಂಡುಬರುತ್ತದೆ.

ಮೊದಲು ನಗುವಿನ ಹುಟ್ಟನ್ನು ಗಮನಿಸಬಹುದು. ಭರತನ ನಾಟ್ಯಶಾಸ್ತ್ರವು ವಿಕೃತವಾದ ವೇಷ, ಮಾತು, ನಡತೆಗಳನ್ನು ಹಾಸ್ಯರಸದ ವಿಭಾವಗಳಲ್ಲಿ ಎಣಿಸುತ್ತದೆ. ವಿಕೃತಿ ಎಂದರೆ ರೂಢಿಯಿಂದ ಸರಿದದ್ದು. ಅದನ್ನು ಗುರುತಿಸಲು ರೂಢಿಯ ಅರಿವು ಸಾಕು. ಪಾತ್ರದೊಡನೆ ಸಾಮ್ಯ ಬೇಕಾಗಿಲ್ಲ. ಫ್ರೆಂಚ್ ತತ್ತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಭಾವನೆಯೇ ನಗುವಿನ ದೊಡ್ಡ ವೈರಿಯೆಂದು ವಾದಿಸಿದನು.

ಬಿಬಿಸಿಯಲ್ಲಿ 1975 ಮತ್ತು 1979ರಲ್ಲಿ ಪ್ರಸಾರವಾದ ‘ಫಾಲ್ಟಿ ಟವರ್ಸ್’ ಈ ಮಾತಿಗೆ ನಿದರ್ಶನ. ಕೇವಲ 12 ಕಂತುಗಳ ಈ ಧಾರಾವಾಹಿಯ ನಾಯಕ ಬ್ಯಾಸಿಲ್ ಫಾಲ್ಟಿ ಇಂಗ್ಲೆಂಡಿನ ಟಾರ್ಕೀ ಪಟ್ಟಣದ ಹೋಟೆಲೊಂದರ ಮಾಲೀಕ. ಮುಂಗೋಪಿ, ಡಾಂಭಿಕ, ಅತಿಥಿಗಳನ್ನೇ ತುಚ್ಛೀಕರಿಸುವವನು. ತಾನೂ ಅವನಂತೆಯೇ ಎಂದು ಒಪ್ಪಿಕೊಂಡು ನಗುವ ಪ್ರೇಕ್ಷಕರು ವಿರಳ. ಜರ್ಮನ್ ಅತಿಥಿಗಳೆದುರು ಯುದ್ಧದ ಸುದ್ದಿಯೆತ್ತಬಾರದೆಂದು ಇತರರಿಗೆ ಎಚ್ಚರಿಸಿದ ಅವನೇ ಮಾತುಮಾತಿಗೂ ಅದನ್ನೇ ಆಡಿಬಿಡುತ್ತಾನೆ. ಅವನ ಸ್ವಭಾವವನ್ನು ಬಲ್ಲ ಪ್ರೇಕ್ಷಕರು ಈ ಅನಾಹುತವನ್ನು ನಿರೀಕ್ಷಿಸುತ್ತಲೇ ಇರುತ್ತಾರೆ. ಹೀಗೆ ಸನ್ನಿವೇಶಹಾಸ್ಯಕ್ಕೆ ಅಗತ್ಯವಾದುದು ಪಾತ್ರದ ಪರಿಚಯವೇ ಹೊರತು ತಾದಾತ್ಮ್ಯವಲ್ಲ.

ಹಾಗೆಂದ ಮಾತ್ರಕ್ಕೆ ತಾದಾತ್ಮ್ಯವು ಅಪ್ರಸ್ತುತವೆಂದು ಹೇಳುವಂತಿಲ್ಲ. ನಗುವಿನ ಗುರಿಯ ಪ್ರಶ್ನೆಯಲ್ಲಿ ಅದರ ಪಾತ್ರ ನಿರ್ಣಾಯಕವಾದುದು. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1971ರಿಂದ 1979ರವರೆಗೆ ಪ್ರಸಾರವಾದ ‘ಆಲ್ ಇನ್ ದಿ ಫ್ಯಾಮಿಲಿ’ಯನ್ನು ನಾರ್ಮನ್ ಲಿಯರ್ ರೂಪಿಸಿದನು. ಕರಿಯರು, ಯಹೂದಿಗಳು, ವಲಸಿಗರ ಬಗೆಗೆ ಪೂರ್ವಗ್ರಹಗಳನ್ನು ತುಂಬಿಕೊಂಡ ಆರ್ಚಿ ಬಂಕರ್ ಮತ್ತು ಉದಾರವಾದಿಯಾದ ಅವನ ಅಳಿಯ ಮೈಕ್ ಇವರ ವಾಗ್ವಾದವೇ ಅದರ ಜೀವಾಳ. ಪೂರ್ವಗ್ರಹವನ್ನು ನಗೆಪಾಟಲಾಗಿಸುವುದು ಕೃತಿಯ ಉದ್ದೇಶವಾಗಿತ್ತು.

ಮನಶ್ಶಾಸ್ತ್ರಜ್ಞರಾದ ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ 1974ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಹದಿಹರೆಯದವರನ್ನೂ ಕೆನಡಾದ ವಯಸ್ಕರನ್ನೂ ಒಳಗೊಂಡಿತ್ತು. ಪೂರ್ವಗ್ರಹ ಹೆಚ್ಚಿದ್ದವರೂ ಕಡಿಮೆಯಿದ್ದವರೂ ಧಾರಾವಾಹಿಯನ್ನು ಸವಿದಿದ್ದರು. ಆದರೆ ಮೊದಲ ಗುಂಪಿನವರು ಆರ್ಚಿಯನ್ನೇ ಹೆಚ್ಚಾಗಿ ಮೆಚ್ಚುವವರಾಗಿದ್ದರು. ಗೇಲಿಗೊಳಗಾಗುವವನು ಮೈಕ್ ಎಂದು ಭಾವಿಸುವ ಒಲವೂ ಅವರಲ್ಲಿಯೇ ಹೆಚ್ಚಾಗಿತ್ತು. ಒಂದೇ ದೃಶ್ಯಕ್ಕೆ ಇಬ್ಬರು ನಕ್ಕರೂ ಅವರು ನಕ್ಕದ್ದು ಒಬ್ಬನನ್ನೇ ಕುರಿತಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಟ್ಟಿನಲ್ಲಿ, ನಗುವನ್ನು ಹುಟ್ಟಿಸುವುದು ಪಾತ್ರದ ಪರಿಚಯ. ಆ ನಗುವಿಗೆ ದಿಕ್ಕು ತೋರುವುದು ತಾದಾತ್ಮ್ಯ. ಸಾಮಾಜಿಕ ವಿಡಂಬನೆಯನ್ನು ಉದ್ದೇಶಿಸಿದ ಕೃತಿಗೆ ಈ ಭೇದ ಅತ್ಯಂತ ಮಹತ್ವದ್ದು. ಪ್ರೇಕ್ಷಕರು ಎಷ್ಟು ನಕ್ಕರು ಎಂಬುದು ಅದರ ಜನಪ್ರಿಯತೆಯನ್ನು ಅಳೆಯಬಲ್ಲದು. ಅದರ ಸಾಫಲ್ಯವನ್ನು ಅಳೆಯಬೇಕಾದರೆ, ಅವರು ಯಾರ ಪಕ್ಷದಲ್ಲಿ ನಿಂತು ನಕ್ಕರು ಎಂಬುದನ್ನೇ ಕೇಳಬೇಕಾಗುತ್ತದೆ.