ಹರಿಹರದಲ್ಲಿ ಇಳಿಯದ ಆಟ

1937ರ ರೋವರ್ಸ್ ಕಪ್ ಫೈನಲ್‌ನಷ್ಟು ಮೈ ನವಿರೇಳಿಸುವ ಪಂದ್ಯ ಕನ್ನಡನಾಡಿನ ಫುಟ್‌ಬಾಲ್ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಮುಂಬೈಯ ಆ ಕಪ್ ಶುರುವಾದದ್ದು 1891ರಲ್ಲಿ. ಅಲ್ಲಿಂದ ಅಷ್ಟೂ ವರ್ಷ ಅದನ್ನು ಹೊತ್ತೊಯ್ದವರೆಲ್ಲ ಬ್ರಿಟಿಷ್ ಪಲ್ಟಣದವರೇ. 1937ರಲ್ಲಿ ಕೊನೆಯ ಪಂದ್ಯಕ್ಕೆ ಬಂದು ನಿಂತ ಎರಡೂ ತಂಡಗಳು ನಮ್ಮ ಜನರವು. ಒಂದು ಕಡೆ ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್, 1934ರಿಂದ ಅಲ್ಲಿಯ ಲೀಗನ್ನು ಬಿಡದೆ ಗೆಲ್ಲುತ್ತಿದ್ದ ಕ್ಲಬ್. ಇನ್ನೊಂದು ಕಡೆ ಬೆಂಗಳೂರು ಮುಸ್ಲಿಮ್ಸ್. ಒಂದೇ ಗೋಲು, ಅದು ಬೆಂಗಳೂರಿನದು. ಮರುವರ್ಷ ಅದೇ ಬೆಂಗಳೂರಿನವರು ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಗೋರಾ ಪಲ್ಟಣವನ್ನು ಮಣಿಸಿ ಕಪ್ ಉಳಿಸಿಕೊಂಡರು. 1940ರ ಫೈನಲ್‌ನಲ್ಲಿ ಮೊಹಮ್ಮಡನ್ ಸೇಡು ತೀರಿಸಿಕೊಂಡಿತು. 1948ರಲ್ಲಿ ಬೆಂಗಳೂರಿನವರು ಮೋಹನ್ ಬಗಾನ್ ತಂಡವನ್ನು ಸೋಲಿಸಿ ಮತ್ತೆ ಕಪ್ ಎತ್ತಿದರು. ಅದೇ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊಟ್ಟಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ನಮ್ಮ ದಂಡು ಪ್ರದೇಶದ ಹುಡುಗ. ಮರುವರ್ಷವೇ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಅಲ್ಲಿ ಮನೆಮಾತಾದರು. ಆ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬೂಟು ಹಾಕದೆ ಆಡಿದರು ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈ ಕಥೆಗೂ ಹರಿಹರ ತಾಲ್ಲೂಕಿನ ಕೊಂಡಜ್ಜಿ ಎಂಬ ಹಳ್ಳಿಗೂ ಏನು ಸಂಬಂಧ? ಸಂಬಂಧ ರೈಲು ಹಳಿಯದು. ಆಗ ಬೆಂಗಳೂರಿನಿಂದ ಪುಣೆ ಕಡೆಗಿನ ಮೀಟರ್‌ಗೇಜ್ ದಾರಿ ದಾವಣಗೆರೆ, ಹರಿಹರ ಹಾದು, ತುಂಗಭದ್ರೆ ದಾಟಿ, ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಹೋಗುತ್ತಿತ್ತು. ಹರಿಹರ ಮೈಸೂರು ಸಂಸ್ಥಾನದ ಗಡಿ, ಹೊಳೆಯಾಚೆ ಮುಂಬೈ ಪ್ರಾಂತ್ಯ. ಈ ಹಳಿಯುದ್ದಕ್ಕೂ ಫುಟ್‌ಬಾಲ್ ಬೇರುಬಿಟ್ಟ ಜಾಗಗಳನ್ನು ನೋಡಿ: ಬೆಂಗಳೂರಿನ ದಂಡು, ಬೆಳಗಾವಿಯ ದಂಡು, ಪುಣೆಯ ದಂಡು. ನಡುವಿನ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್‌ನ ಲೇತ್ ಕಾರ್ಖಾನೆ ಬಂತು. ಆಟ ಮಾತ್ರ ಅದೇ ಬಲದಿಂದ ಇಲ್ಲಿ ಇಳಿಯಲಿಲ್ಲ. ಚೆಂಡು ಒದೆಯುವ ಹುಡುಗರಿಲ್ಲ ಎಂದಲ್ಲ; ಅವರನ್ನು ವರ್ಷವಿಡೀ ಆಡಿಸುವ ಏರ್ಪಾಟು ಊರಿಡೀ ತನ್ನದೆನ್ನುವಷ್ಟು ಗಟ್ಟಿಯಾಗಲಿಲ್ಲ. ಇದಕ್ಕೆ ಎಲ್ಲರೂ ಕೊಡುವ ಕಾರಣ ಒಂದೇ: ಅದು ಸೋಜರರ ಆಟ, ಸೋಜರರಿಲ್ಲದ ಕಡೆ ಹೇಗೆ ಬೆಳೆದೀತು? ಈ ವಿವರಣೆ ಅರ್ಧ ನಿಜ. ಉಳಿದರ್ಧವನ್ನು ಸುಳ್ಳು ಮಾಡಲು ಕೊಂಡಜ್ಜಿಯೊಂದೇ ಸಾಕು.

ಗುಡ್ಡಗಳ ನಡುವಿನ ಕೊಂಡಜ್ಜಿ ಕೆರೆಯ ಬಳಿ ಇರುವುದು ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರ. ಸ್ಕೌಟಿಂಗ್ ಹುಟ್ಟಿದ್ದೂ ಸೋಜರನೊಬ್ಬನ ತಲೆಯಲ್ಲೇ. ಅದನ್ನು ಹುಟ್ಟುಹಾಕಿದ ಬೇಡನ್ ಪೊವೆಲ್ ಬ್ರಿಟಿಷ್ ಸೇನೆಯ ಅಧಿಕಾರಿ. ಭಾರತದಲ್ಲಿ ಅದರ ಮೊದಲ ದಳ ಶುರುವಾದದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಫುಟ್‌ಬಾಲ್ ಬಂದ ಕೈಗಳಿಂದಲೇ, ಅದು ಬಂದ ಊರಿನಿಂದಲೇ ಬಂದ ಇನ್ನೊಂದು ಪದ್ಧತಿ ಹರಿಹರ ತಾಲ್ಲೂಕಿನ ಈ ಹಳ್ಳಿಯಲ್ಲಿ ನೆಲೆ ಕಂಡಿತು. ಯಾಕೆಂದರೆ ಊರಿನ ಹೆಸರನ್ನೇ ತಮ್ಮ ಹೆಸರಿನೊಂದಿಗೆ ಹೊತ್ತ ಕೊಂಡಜ್ಜಿ ಬಸಪ್ಪನವರು ಸಂಸದರಾಗಿ, ಸ್ಕೌಟ್ ಚಳವಳಿಯ ಮುಂದಾಳಾಗಿ ಅದನ್ನು ತಮ್ಮ ಕೆಲಸವೆಂದು ಕೈಗೆತ್ತಿಕೊಂಡರು. ಸ್ಕೌಟಿಂಗ್‌ನಲ್ಲಿ ಒಂದು ದಿನದ ಫೈನಲ್ ಇಲ್ಲ. ಮಗು ಒಂದು ಹಂತ ಮುಗಿಸಿದರೆ ಮುಂದಿನದು, ಅದಾದ ಮೇಲೆ ಇನ್ನೊಂದು. ಶಿಬಿರ ಮುಗಿಸಿದವನು ಮರಳಿ ಬಂದು ಚಿಕ್ಕವರಿಗೆ ಗಂಟು ಹಾಕುವುದು ಕಲಿಸುತ್ತಾನೆ. ನೆಲೆ ನಿಲ್ಲಿಸಿದ್ದು ಈ ನಿರಂತರತೆ. ಫುಟ್‌ಬಾಲ್‌ನಲ್ಲಿ ಅದರ ಸಮಾನ ಲೀಗ್, ಕಪ್ ಅಲ್ಲ.

ನಮ್ಮಲ್ಲಿ ನಡೆಯುವ ಊರ ಕಪ್‌ಗಳ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಹೈಸ್ಕೂಲ್ ಮೈದಾನದಲ್ಲಿ ಬೆಳಿಗ್ಗೆಯೇ ಸುಣ್ಣದ ಗೆರೆ ಬಿದ್ದಿರುತ್ತದೆ. ಗೋಲ್ ಕಂಬದ ಮುಂದಿನ ನೆಲದಲ್ಲಿ ಹುಲ್ಲೆಲ್ಲ ಸವೆದು ಮಣ್ಣು ಹೊಳೆಯುತ್ತಿರುತ್ತದೆ. ಶಾಮಿಯಾನದ ಕೆಳಗೆ ಕೆಂಪು ಬಟ್ಟೆ ಹೊದಿಸಿದ ಮೇಜು, ಅದರ ಮೇಲೆ ಆಳೆತ್ತರದ ಕಪ್, ಪಕ್ಕದಲ್ಲಿ ಮೈಕ್ ಹಿಡಿದವನ ಬಿಡುವಿಲ್ಲದ ವೀಕ್ಷಕ ವಿವರಣೆ. ಸಂಜೆ ಆಗುವಷ್ಟರಲ್ಲಿ ಊರೇ ಅಲ್ಲಿರುತ್ತದೆ. ಆದರೆ ಲೆಕ್ಕ ಹಾಕಿ. ಹದಿನಾರು ತಂಡಗಳ ನಾಕೌಟ್‌ನಲ್ಲಿ ಒಟ್ಟು 15 ಪಂದ್ಯ. ಎಂಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಫೈನಲ್ ತಲುಪಿದ ಎರಡು ತಂಡಗಳಿಗೂ ಸಿಗುವುದು ನಾಲ್ಕೇ ಪಂದ್ಯ. ಎಂಟೇ ಕ್ಲಬ್‌ಗಳು ಎರಡೆರಡು ಸಲ ಎದುರಾಗುವ ಲೀಗ್‌ನಲ್ಲಿ 56 ಪಂದ್ಯ, ಪ್ರತಿ ಕ್ಲಬ್‌ಗೂ 14. ಸೋತವನಿಗೆ ಮುಂದಿನ ಭಾನುವಾರವೂ ಆಟವಿದೆ ಎಂಬುದೇ ಅದರ ದೊಡ್ಡ ಗುಣ. ಹದಿನೈದು ವರ್ಷದ ಎಡಗಾಲಿನ ಹುಡುಗ ಮೊದಲ ಪಂದ್ಯದಲ್ಲಿ ನಡುಗಿದರೂ ಏಳನೆಯದರಲ್ಲಿ ಅರಳಬಹುದು. ನಾಕೌಟ್‌ನಲ್ಲಿ ಅವನಿಗೆ ಏಳನೆಯ ಪಂದ್ಯವೇ ಇಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಕೇರಳದ ಮಲಪ್ಪುರಂನ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್, ಕಪ್‌ಗಳನ್ನು ನೆಚ್ಚಿಕೊಂಡೇ ಬೆಳೆಯಿತಲ್ಲ, ಕೊಯ್ಲಾದ ಗದ್ದೆಯಲ್ಲಿ ಆಡಿ, ಆಫ್ರಿಕಾದ ಆಟಗಾರರನ್ನೂ ಕರೆಸಿಕೊಂಡು? ಹೌದು. ಆದರೆ ಅಲ್ಲಿ ಕಪ್ ಒಂದಲ್ಲ. ಮಳೆ ನಿಂತ ಮೇಲೆ ಶುರುವಾದರೆ ಮತ್ತೆ ಮಳೆ ಬರುವ ತನಕ ಒಂದು ಊರಿನ ಬೆನ್ನಿಗೆ ಇನ್ನೊಂದು ಊರು. ಹೆಸರಿಗೆ ಕಪ್‌ಗಳು, ನಡೆಯುವುದು ಲೀಗ್‌ನಂತೆಯೇ. 2022ರ ಮೇ 2ರಂದು ಕೇರಳ ಬಂಗಾಳವನ್ನು ಮಣಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದು ಅದೇ ಜಿಲ್ಲೆಯ ಮಂಜೇರಿಯಲ್ಲಿ. ಇನ್ನೊಂದು ಆಕ್ಷೇಪ: ದಾವಣಗೆರೆ ಕ್ರಿಕೆಟ್ಟಿನ, ಕುಸ್ತಿಯ ಊರು. ಒಪ್ಪೋಣ. ಆದರೆ ದಾವಣಗೆರೆಯ ವಿನಯ್ ಕುಮಾರ್ ಕರ್ನಾಟಕ ತಂಡದ ನಾಯಕನಾಗಿ 2013–14, 2014–15ರಲ್ಲಿ ಸಾಲಾಗಿ ರಣಜಿ ಗೆದ್ದರೆ, ಅದರ ಹಿಂದೆ ಜಿಲ್ಲೆಗಳನ್ನು ವಲಯಗಳಾಗಿ ಹಂಚಿ ಲೀಗ್ ಆಡಿಸುವ ಕ್ರಿಕೆಟ್ ಸಂಸ್ಥೆಯ ಪದ್ಧತಿಯಿದೆ. ಕುಸ್ತಿಗೆ ಗರಡಿಮನೆ, ಕ್ರೀಡಾ ಹಾಸ್ಟೆಲ್ ಇವೆ. ಆ ಆಟಗಳು ಇಲ್ಲಿ ಬೆಳೆದದ್ದು ಮಣ್ಣಿನ ಗುಣದಿಂದಲ್ಲ. ಬಿಸಿಲು, ಗಟ್ಟಿ ನೆಲದ ನೆಪವಂತೂ ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿದವರ ನಾಡಿಗೆ ಒಪ್ಪುವುದಿಲ್ಲ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿತು. ಆ ಗೆಲುವಿನ ಬೆನ್ನೆಲುಬು ಬೆಂಗಳೂರಿನ ಸೂಪರ್, ಎ, ಬಿ, ಸಿ ಡಿವಿಷನ್‌ಗಳ ಲೀಗ್. ಯಾರೂ ಸುದ್ದಿ ಮಾಡದ ಕೆಳ ದರ್ಜೆಯ ಆ ಪಂದ್ಯಗಳೇ ಏಣಿ. ಕೊಡಗು ಎಫ್‌ಸಿ, ರಿಯಲ್ ಚಿಕ್ಕಮಗಳೂರು ಎಫ್‌ಸಿ ಎಂಬ ಹೆಸರುಗಳು ಆ ಏಣಿ ಹತ್ತಿ ಸೂಪರ್ ಡಿವಿಷನ್ ಮುಟ್ಟಿವೆ, ಅದೂ ಬೆಂಗಳೂರಿಗೆ ಬಂದು ಆಡಿ. ಚಿಕ್ಕಮಗಳೂರಿಗೆ ಸಾಧ್ಯವಾದದ್ದು 1997ರಲ್ಲಿ ತನ್ನದೇ ಜಿಲ್ಲೆಯಾದ, ಅದಕ್ಕಿಂತ ಎಷ್ಟೋ ದೊಡ್ಡ ಪೇಟೆಯಿರುವ ದಾವಣಗೆರೆಗೆ ಯಾಕೆ ಆಗಬಾರದು? ಎಂಟು ತಂಡಗಳ ಲೀಗ್ ಹೀಗಿರಲಿ: ದಾವಣಗೆರೆಯ ಕಾಲೇಜುಗಳಿಂದ ನಾಲ್ಕು ತಂಡ, ಹರಿಹರದಿಂದ ಎರಡು, ಹೊಳೆಯಾಚೆಯ ಕುಮಾರಪಟ್ಟಣದಿಂದ ಒಂದು, ಕೊಂಡಜ್ಜಿ ಸುತ್ತಿನ ಹಳ್ಳಿಗಳಿಂದ ಒಂದು. ಎಲ್ಲವೂ ಒಂದೇ ಸಿಟಿ ಬಸ್ಸಿನ ದೂರದಲ್ಲಿವೆ. ದೀಪಾವಳಿ ಕಳೆದ ಮೇಲೆ 14 ಭಾನುವಾರ ಆಡಿದರೆ ಬಿರುಬೇಸಿಗೆಗೆ ಮುಂಚೆ ಲೀಗ್ ಮುಗಿಯುತ್ತದೆ. ಮೊದಲೆರಡು ತಂಡಗಳ ನಡುವೆ ಬೇಕಾದರೆ ಶಾಮಿಯಾನ ಹಾಕಿಯೇ ಫೈನಲ್ ನಡೆಯಲಿ. ಗೆದ್ದವರಿಗೆ ಕೊಡುವ ಬಹುಮಾನದ ಹಣವನ್ನು ಮಾತ್ರ ಬೆಂಗಳೂರಿನ ಸಿ ಡಿವಿಷನ್‌ಗೆ ಹೆಸರು ನೋಂದಾಯಿಸಲು, ಅಲ್ಲಿಯ ಪಂದ್ಯಗಳಿಗೆ ಹುಡುಗರ ರೈಲು ಟಿಕೆಟ್ಟಿಗೆ ಮೀಸಲಿಡಬೇಕು.