ಸಾಗುವಳಿ ವಿಸ್ತರಣೆ ಮತ್ತು ಮಣ್ಣಿನ ಸವಕಳಿ

ಕಾಡು, ಕುರುಚಲು ಅಥವಾ ಹುಲ್ಲುಗಾವಲಾಗಿದ್ದ ನೆಲವನ್ನು ಉಳುಮೆಗೆ ತಂದಾಗ ಮೇಲ್ಮಣ್ಣು ಮಳೆನೀರಿನೊಡನೆ ಕೊಚ್ಚಿಹೋಗುವ ಪ್ರಮಾಣ ಹೆಚ್ಚುತ್ತದೆ. ಹೀಗೆ ಹೋದ ಮಣ್ಣು ಹಳ್ಳ, ಕೆರೆ, ನದಿ ಮತ್ತು ಜಲಾಶಯಗಳಲ್ಲಿ ಹೂಳಾಗಿ ಸಂಗ್ರಹವಾಗುತ್ತದೆ. ಕರ್ನಾಟಕದಲ್ಲಿ ಈ ಸಂಬಂಧವು ತುಂಗಭದ್ರಾ ಜಲಾಶಯದಲ್ಲಿಯೂ ಮಂಡ್ಯ, ತುಮಕೂರು ಜಿಲ್ಲೆಗಳ ಹಳ್ಳಿಯ ಕೆರೆಗಳಲ್ಲಿಯೂ ಕಂಡುಬರುತ್ತದೆ.

ಸವಕಳಿಯ ಕ್ರಮ

ಹುಲ್ಲು ಮತ್ತು ತರಗೆಲೆಯ ಹೊದಿಕೆ ಇರುವ ನೆಲದಲ್ಲಿ ಮಳೆಹನಿಯ ಹೊಡೆತ ಮಣ್ಣಿಗೆ ನೇರವಾಗಿ ತಾಗುವುದಿಲ್ಲ. ಬೇರುಗಳು ತೆರೆದ ರಂಧ್ರಗಳ ಮೂಲಕ ನೀರು ಇಂಗುತ್ತದೆ. ಉತ್ತ ಬರಿನೆಲದಲ್ಲಿ ಹನಿಗಳು ಮಣ್ಣಿನ ಹೆಂಟೆಗಳನ್ನು ಒಡೆದು, ನವಿರಾದ ಕಣಗಳಿಂದ ರಂಧ್ರಗಳನ್ನು ಮುಚ್ಚುತ್ತವೆ. ಇಂಗದ ನೀರು ಮೊದಲು ತೆಳುವಾಗಿ ಹರಿದು, ಬಳಿಕ ಸಣ್ಣ ಕಾಲುವೆಗಳಾಗಿ, ಕೊನೆಗೆ ಕೊರಕಲಾಗುತ್ತದೆ. ಕೊರಕಲು ಕಣ್ಣಿಗೆ ಬೀಳುತ್ತದೆ. ಪದರವಾಗಿ ಹೋಗುವ ಮಣ್ಣು ಬೀಳುವುದಿಲ್ಲ. ಒಂದು ಹೆಕ್ಟೇರಿನಿಂದ ಕೇವಲ ಒಂದು ಮಿಲಿಮೀಟರ್ ಮಣ್ಣು ಹೋದರೆ ಅದರ ಗಾತ್ರ 10 ಘನ ಮೀಟರ್, ತೂಕ ಸುಮಾರು 13ರಿಂದ 15 ಟನ್.

ಹಳೆ ಮೈಸೂರು ಭಾಗದಲ್ಲಿ ಮಳೆಯ ಕಾಲವೂ ಸವಕಳಿಗೆ ಅನುಕೂಲವಾಗಿದೆ. ಮೇ ತಿಂಗಳ ಗುಡುಗು ಮಳೆ ರಭಸವಾಗಿ ಸುರಿಯುವ ವೇಳೆಗೆ ಹೊಲಗಳು ಉಳುಮೆಗೊಂಡು ಬರಿದಾಗಿರುತ್ತವೆ, ರಾಗಿಯ ಪೈರು ನೆಲ ಮುಚ್ಚಲು ಇನ್ನೂ ತಿಂಗಳುಗಳು ಬೇಕು.

ಯಾವ ನೆಲ ಉಳುಮೆಗೆ ಬಂತು

ವಿಸ್ತರಣೆಯೆಲ್ಲ ಒಂದೇ ಬಗೆಯ ಪರಿಣಾಮ ಬೀರುವುದಿಲ್ಲ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿ ಮತ್ತು ಪಕ್ಕದ ಮಳವಳ್ಳಿಯ ಕಡೆ ಭತ್ತ, ಕಬ್ಬು ಹರಡಿದ್ದು ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ. ಸಮತಟ್ಟು ಮಾಡಿ ಬದು ಕಟ್ಟಿದ ಗದ್ದೆಯು ಮೇಲಿನಿಂದ ಬಂದ ಮಣ್ಣನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ನೀರಾವರಿ ಗದ್ದೆಗಳನ್ನೇ ಹೂಳಿನ ಮೂಲವೆಂದು ದೂರುವುದು ಸರಿಯಲ್ಲ.

ಇಳಿಜಾರಿನ ಖುಷ್ಕಿ ಹೊಲ, ಗೋಮಾಳ ಮತ್ತು ಕೆರೆಯ ಜಲಾನಯನದ ಬೀಳುಭೂಮಿಗಳ ಸ್ಥಿತಿ ಬೇರೆ. ಗೋಮಾಳ ಹಾಗೂ ಇತರ ಸರ್ಕಾರಿ ನೆಲದ ಅನಧಿಕೃತ ಸಾಗುವಳಿಯನ್ನು ಬಗರ್‌ಹುಕುಂ ಎನ್ನುತ್ತಾರೆ. ಇದನ್ನು ಸಕ್ರಮಗೊಳಿಸಲು ಕರ್ನಾಟಕದಲ್ಲಿ ನಮೂನೆ 50, 53 ಮತ್ತು 57ರ ಅಡಿಯಲ್ಲಿ ಅರ್ಜಿ ಸ್ವೀಕರಿಸಲಾಗಿದೆ. ಭೂಹೀನ ಕುಟುಂಬಕ್ಕೆ ಆ ಎರಡು ಎಕರೆ ಜೀವನಾಧಾರ. ಆದರೆ ಹೀಗೆ ದೊರೆಯುವ ನೆಲ ಸಾಮಾನ್ಯವಾಗಿ ದಿಣ್ಣೆಯ ತೆಳುಮಣ್ಣಿನದು. ಬದು ಹಾಕಿಸುವ ಶಕ್ತಿ ಅಂಥ ರೈತರಿಗೆ ಇರುವುದು ಕಡಿಮೆ, ಹಕ್ಕುಪತ್ರ ಬರುವತನಕ ಹಣ ಹೂಡುವ ಧೈರ್ಯವೂ ಬರುವುದಿಲ್ಲ.

ಕೆರೆಯಲ್ಲಿ, ಜಲಾಶಯದಲ್ಲಿ

ತುಮಕೂರು ಜಿಲ್ಲೆಯಲ್ಲಿ ಹುಟ್ಟುವ ಶಿಂಷಾ ನದಿಯು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ, ಮದ್ದೂರಿನ ಮೂಲಕ ಹರಿದು ಕಾವೇರಿಯನ್ನು ಸೇರುತ್ತದೆ. ಇಂಥ ಕೊಳ್ಳಗಳಲ್ಲಿ ಹೊಲದಿಂದ ಹೊರಟ ಮಣ್ಣೆಲ್ಲ ನದಿಗೆ ತಲುಪುವುದಿಲ್ಲ. ಒಂದಷ್ಟು ಬದುವಿನ ಬುಡದಲ್ಲಿ, ಒಂದಷ್ಟು ಹಳ್ಳದ ತಿರುವಿನಲ್ಲಿ, ಬಹುಪಾಲು ಕೆರೆಯ ಅಂಗಳದಲ್ಲಿ ನಿಲ್ಲುತ್ತದೆ. ನಿಂತ ಮಣ್ಣು ವರ್ಷಗಳ ಬಳಿಕ ದೊಡ್ಡ ಮಳೆಗೆ ಮತ್ತೆ ಹೊರಡಬಹುದು; ಹಾಗಾಗಿ ಮೇಲೆ ಸವಕಳಿ ನಿಂತರೂ ಕೆಳಗೆ ಹೂಳು ಕೂಡಲೇ ತಗ್ಗುವುದಿಲ್ಲ.

ಹೂಳು ತುಂಬಿದ ಕೆರೆ ಬೇಗ ಕೋಡಿ ಬೀಳುತ್ತದೆ, ಬೇಸಿಗೆಗೆ ಮುನ್ನವೇ ಬತ್ತುತ್ತದೆ. ತೂಬಿನ ಬಾಯಿ ಹೂಳಿನಿಂದ ಮುಚ್ಚಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಸಿಗುವುದು ಮೊದಲು ನಿಲ್ಲುತ್ತದೆ.

ತುಂಗಭದ್ರಾ ಜಲಾಶಯದಲ್ಲಿ ಈ ನಷ್ಟವನ್ನು ಅಳೆಯಲಾಗಿದೆ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಅದರ ಸಂಗ್ರಹ ಸಾಮರ್ಥ್ಯವು 2016ರ ಸಮೀಕ್ಷೆಯಲ್ಲಿ ಸುಮಾರು 105.8 ಟಿಎಂಸಿ ಅಡಿಗೆ ಇಳಿದಿತ್ತು. ಕಳೆದುಹೋದ 27 ಟಿಎಂಸಿ ಅಡಿಯೆಂದರೆ ಸುಮಾರು 76 ಕೋಟಿ ಘನ ಮೀಟರ್. ಇದಕ್ಕೆ ಸಾಗುವಳಿಯೊಂದೇ ಕಾರಣವಲ್ಲ. ಅರಣ್ಯನಾಶ ಮತ್ತು ಗಣಿಗಾರಿಕೆಯ ಪಾಲೂ ಇದೆ.

ನದಿಯ ಕೆಳಭಾಗದಲ್ಲಿ ವಿರುದ್ಧ ಚಿತ್ರ ಕಾಣುತ್ತದೆ. ಕೃಷ್ಣರಾಜಸಾಗರ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಮುಂತಾದ ಅಣೆಕಟ್ಟುಗಳು ಹೂಳನ್ನು ಹಿಡಿದಿಡುವುದರಿಂದ, ಕೊಳ್ಳದಲ್ಲಿ ಸವಕಳಿ ಹೆಚ್ಚಿದ್ದರೂ ಕಾವೇರಿಯ ಮುಖಜಭೂಮಿಗೆ ತಲುಪುವ ಮಣ್ಣು ಕಡಿಮೆಯಾಗಿದೆ.

ತಡೆಯುವ ಕ್ರಮಗಳು

ಸಮಪಾತಳಿ ಬದು, ಇಳಿಜಾರಿಗೆ ಅಡ್ಡಲಾಗಿ ಉಳುಮೆ, ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು, ಹಳ್ಳಗಳಿಗೆ ಕಲ್ಲಿನ ತಡೆ ಇವು ರೂಢಿಯಲ್ಲಿರುವ ವಿಧಾನಗಳು. ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ ತುಮಕೂರು, ಕೋಲಾರ, ಚಿತ್ರದುರ್ಗ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಇಂಥ ಕೆಲಸ ಮಾಡಿತು. ಬೇಸಿಗೆಯಲ್ಲಿ ಒಣಗಿದ ಕೆರೆಯ ಗೋಡನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುವ ಹಳೆಯ ಪದ್ಧತಿಯಲ್ಲಿ ಕೊಚ್ಚಿಹೋದ ಮಣ್ಣಿನ ಒಂದು ಭಾಗ ತಾನು ಹೊರಟ ದಿಣ್ಣೆಗೇ ಹಿಂತಿರುಗುತ್ತದೆ.